ಏರೋಪ್ಲೇನ್ ಚಿಟ್ಟಿಯ ಬಾಲ ಬಾಲವಲ್ಲ



ಶ್ರಾವಣ ಮುಗಿದು ಭಾದ್ರಪದ ಬಂತೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಕೆರೆ, ಹಳ್ಳ, ಕೃಷಿಹೊಂಡಗಳ ಮ್ಯಾಲೆ ಏರೋಪ್ಲೇನ್ ಚಿಟ್ಟಿಗಳು ಹಾರಾಡತಾವ. ಹೆಸರು ಚಿಟ್ಟಿ ಆದರೂ ಇದು ಚಿಟ್ಟೆಯಲ್ಲ. ಚಿಟ್ಟೆ ಹೂವಿನ ಮಕರಂದ ಹೀರುತ್ತದೆ. ಇದು ಬೇಟೆಗಾರ. ಹಾರುತ್ತಲೇ ಸೊಳ್ಳೆ, ನೊಣ ಹಿಡಿದು ತಿನ್ನುತ್ತದೆ. ಇದಕ್ಕೆ ಕೊಂಡಿಯಿಲ್ಲ, ವಿಷವೂ ಇಲ್ಲ.

ಗುರುತಿಸುವುದು ಹೇಗೆ?

ಕುಳಿತಾಗ ನಾಲ್ಕೂ ರೆಕ್ಕೆ ಅಗಲವಾಗಿ ಚಾಚಿದ್ದರೆ ಅದು ಡ್ರಾಗನ್‌ಫ್ಲೈ. ಮೈ ಸೂಜಿಯಂತೆ ಸಣ್ಣಗಿದ್ದು, ಕಣ್ಣುಗಳು ದೂರ ದೂರ ಇದ್ದು, ರೆಕ್ಕೆ ಬೆನ್ನ ಮೇಲೆ ಮಡಚಿದ್ದರೆ ಅದು ಸಾಮಾನ್ಯವಾಗಿ ಡ್ಯಾಮ್ಸೆಲ್‌ಫ್ಲೈ. ಎರಡೂ ಒಂದೇ ಬಳಗದವು.

ನಾನು ಕೆರೆ ದಂಡ್ಯಾಗ ಕುಂತು ನೋಡಿದ್ದು: ಒಂದು ಕೆಂಪು ಹುಳ ಎಷ್ಟು ಸಲ ಎದ್ದು ಹೋದರೂ ತಿರುಗಿ ಅದೇ ಜೇಕಿನ ಕಡ್ಡಿಗೇ ಬಂದು ಕೂಡುತ್ತದೆ. ಮಟಮಟ ಮಧ್ಯಾಹ್ನ ಬಾಲವನ್ನು ಸೂರ್ಯನ ಕಡೆಗೆ ನೆಟ್ಟಗೆ ಎತ್ತುತ್ತದೆ. ಹಾಗೆ ಮಾಡಿದರೆ ಮೈಗೆ ಬಿಸಿಲು ಕಡಿಮೆ ಬೀಳುತ್ತದೆ.

ನೀರಿನೊಳಗಿನ ಮರಿ

ಹೆಣ್ಣು ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ತತ್ತಿ ಇಡುತ್ತದೆ. ಮರಿಗೆ ರೆಕ್ಕೆ ಇರುವುದಿಲ್ಲ. ಅದು ನೀರಿನಲ್ಲೇ ಉಸಿರಾಡುತ್ತದೆ. ಮಡಚಿಟ್ಟ ಕೆಳದುಟಿಯನ್ನು ಪಟ್ಟನೆ ಮುಂದೆ ಚಾಚಿ ಸೊಳ್ಳೆಯ ಮರಿಗಳನ್ನು ಹಿಡಿಯುತ್ತದೆ. ಬೆಳೆದ ಮೇಲೆ ಕಡ್ಡಿ ಏರಿ, ಪರೆ ಬಿಟ್ಟು ಹಾರುತ್ತದೆ. ಆ ಖಾಲಿ ಪರೆ ದಂಡೆಯ ಹುಲ್ಲಿನಲ್ಲಿ ಸಿಗುತ್ತದೆ, ಹುಡುಕಿ ನೋಡಿರಿ.

ಸಮುದ್ರ ದಾಟುವ ಹುಳ

ಈ ದಿನಗಳಲ್ಲಿ ಹೊಲದ ಮೇಲೆ ಗುಂಪಾಗಿ ಹಾರುವ ಹಳದಿ ಜಾತಿಯೊಂದಿದೆ. ಕುಷ್ಟಗಿ, ಯಲಬುರ್ಗಾದಂಥ ಒಣ ಸೀಮೆಯಲ್ಲಿ ಮಳೆನೀರು ಬೇಗ ಬತ್ತುತ್ತದೆ. ಆದರೆ ಇದರ ಮರಿ ಸುಮಾರು ಒಂದೂವರೆ ತಿಂಗಳಲ್ಲೇ ರೆಕ್ಕೆ ಪಡೆಯಬಲ್ಲದು. ಮಾಲ್ಡೀವ್ಸ್‌ನಲ್ಲಿ ಕೆರೆ ಹಳ್ಳಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಪ್ರತಿ ಅಕ್ಟೋಬರಿನಲ್ಲಿ ಅಲ್ಲಿಗೆ ಈ ಹುಳಗಳು ಬರುತ್ತವೆ. ಎಲ್ಲಿಂದ? ಅವು ಭಾರತದಿಂದ ಹೊರಟು ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ಬರೆದರು. ತಿರುಗಿ ಬರುವುದು ಅವುಗಳ ಮಕ್ಕಳು, ಮೊಮ್ಮಕ್ಕಳು.

ನಾವು ಮಾಡಬೇಕಾದದ್ದು

1. ಕೆಲವರು ಇದರ ಬಾಲಕ್ಕೆ ದಾರ ಕಟ್ಟಿ ಆಡತಾರ. ಬಾಲ ಅಂತ ನಾವು ಕರೆಯುವುದು ನಿಜವಾಗಿ ಅದರ ಹೊಟ್ಟೆ! ಅದು ಉಸಿರಾಡುವುದೂ, ಅನ್ನ ಅರಗಿಸುವುದೂ, ತತ್ತಿ ಇಡುವುದೂ ಅದರಿಂದಲೇ. ನಮ್ಮ ಹೊಟ್ಟೆಗೆ ಹಗ್ಗ ಬಿಗಿದರೆ ಹ್ಯಾಂಗ ಆಗತೈತಿ? ದಾರ ಕಟ್ಟಬ್ಯಾಡ್ರಿ.

2. ಗಂಗಾವತಿ ಕಡೆಯ ಭತ್ತದ ಗದ್ದೆಯಾಗಲಿ, ನಮ್ಮ ಹೊಲವಾಗಲಿ, ಎಣ್ಣಿ ಹೊಡೆದ ಪಂಪನ್ನು ಕೆರೆ, ಕಾಲುವೆಯಲ್ಲಿ ತೊಳೆಯಬಾರದು ಎಂದು ಮನೆಯಲ್ಲಿ ಹೇಳೋಣ. ಆ ನೀರಿನಲ್ಲಿ ಈ ಮರಿಗಳೂ ಸಾಯುತ್ತವೆ.

3. ಮನೆಯ ಡ್ರಮ್ಮಿನ ನೀರಿಗೆ ಈ ಹುಳ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ನಾವೇ ವಾರಕ್ಕೊಮ್ಮೆ ತೊಳೆದು ಮುಚ್ಚಬೇಕು. ಕೆರೆಯ ಸೊಳ್ಳೆ ಮರಿಗಳನ್ನು ತಿನ್ನುವ ಕೆಲಸ ಅದು ಮಾಡತೈತಿ.

ರವಿವಾರ ಮುಂಜಾನೆ ಬಿಸಿಲೇರಿದ ಮೇಲೆ ದೊಡ್ಡವರ ಜೊತೆ ಕೆರೆಗೆ ಹೋಗಿ, ಅಲುಗಾಡದೆ ಕುಳಿತು, ಎಷ್ಟು ಬಣ್ಣದವು ಕಂಡವೆಂದು ಎಣಿಸಿ ಬರ್ರಿ. ಪಟ್ಟಿಯನ್ನು ಇದೇ ಗೋಡೆ ಪತ್ರಿಕೆಯಲ್ಲಿ ಹಚ್ಚೋಣ.

— 7ನೇ ತರಗತಿ