ಕಾಫಿ ಸೀಮೆಯ ಮೂಲಿಕೆಗಳು ಮತ್ತು ಮಧುಮೇಹ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಕಾಫಿ ತೋಟಗಳು ಕಾಡಿನ ನೆರಳನ್ನು ಆಶ್ರಯಿಸಿ ಬೆಳೆದವು. ನೆರಳಿಗೆಂದು ಉಳಿಸಿಕೊಂಡ ಹೊನ್ನೆ, ನೇರಳೆ, ಅತ್ತಿ, ಹಲಸುಗಳಲ್ಲಿಯೂ, ತೋಟಕ್ಕೆ ತಾಗಿದ ಅಡವಿಯ ಬಳ್ಳಿಗಳಲ್ಲಿಯೂ ಔಷಧಗುಣವುಳ್ಳವು ಅನೇಕ. ಜನರು ಸಕ್ಕರೆ ಕಾಯಿಲೆ ಎಂದು ಕರೆಯುವ ಮಧುಮೇಹಕ್ಕೆ ಇವು ಮದ್ದಾಗಬಲ್ಲವೇ, ಆಗುವುದಾದರೆ ಎಷ್ಟರ ಮಟ್ಟಿಗೆ ಎಂಬುದು ವಿಚಾರಾರ್ಹವಾದ ವಿಷಯ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಅಂದಾಜು ಮಾಡಿರುವುದರಿಂದ, ಈ ಪ್ರಶ್ನೆ ಪ್ರತಿ ಮನೆಗೂ ಸಂಬಂಧಿಸಿದುದಾಗಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯುವುದು ಅಗತ್ಯ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್, ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ ಮತ್ತು ತರುಣರಲ್ಲಿ ತೋರುವ ಮೊದಲನೆಯ ವಿಧದಲ್ಲಿ ಇನ್ಸುಲಿನ್ ಬಹುತೇಕ ಇರುವುದೇ ಇಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಚುಚ್ಚುವವರೆಗೂ ಇಂಥ ಮಕ್ಕಳು ಬದುಕುತ್ತಿದ್ದುದು ಅಪರೂಪ. ಇನ್ಸುಲಿನ್ನಿನ ಸ್ಥಾನವನ್ನು ತುಂಬಬಲ್ಲ ಮೂಲಿಕೆ ಇದುವರೆಗೆ ದೊರೆತಿಲ್ಲ. ಎರಡನೆಯ ವಿಧದಲ್ಲಿ ಇನ್ಸುಲಿನ್ ಇದ್ದರೂ ಅದರ ಕಾರ್ಯ ಕುಂದಿರುತ್ತದೆ. ಮೂಲಿಕೆಗಳ ವಿಚಾರಕ್ಕೆ ಎಡೆಯಿರುವುದು ಇಲ್ಲಿ ಮಾತ್ರ.

ಈ ಸೀಮೆಯಲ್ಲಿ ಮೊದಲು ನೆನಪಾಗುವುದು ಹೊನ್ನೆ. ಸಂಸ್ಕೃತದಲ್ಲಿ ಇದು ಅಸನ, ವಿಜಯಸಾರ. ಸಸ್ಯಶಾಸ್ತ್ರದಲ್ಲಿ ಟೆರೊಕಾರ್ಪಸ್ ಮಾರ್ಸುಪಿಯಂ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ ಅಸನಾದಿ ಗಣವು ಪ್ರಮೇಹಕ್ಕೆ ವಿಹಿತವಾದುದು. ಹೊನ್ನೆಯ ಚೇಗಿನಿಂದ ಮಾಡಿದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಇಂದಿಗೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಈ ಮರವನ್ನು ಪರೀಕ್ಷೆಗೆ ಒಳಪಡಿಸಿತು. 1998ರಲ್ಲಿ ಪ್ರಕಟವಾದ ಅದರ ವರದಿಯಂತೆ, ರೋಗ ಹೊಸದಾಗಿ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತು. ಇದು ಆಶಾದಾಯಕ. ಆದರೆ ಮದ್ದು ಸೇವಿಸದವರೊಡನೆ ಹೋಲಿಸಿ ನೋಡುವ ಏರ್ಪಾಡು ಆ ಪರೀಕ್ಷೆಯಲ್ಲಿ ಇರಲಿಲ್ಲ. ಅಲ್ಲದೆ ಅಲ್ಲಿ ಕೊಟ್ಟದ್ದು ಅಳತೆಯುಳ್ಳ ಮದ್ದು. ಲೋಟದ ನೀರಿಗೆ ಆ ಅಳತೆಯಿಲ್ಲ. ಮರದ ವಯಸ್ಸು, ಲೋಟದ ಹಳಮೆ, ನೀರು ನಿಂತ ಹೊತ್ತು ಇವುಗಳಿಗೆ ತಕ್ಕಂತೆ ಸಾರವು ಹೆಚ್ಚು ಕಡಿಮೆಯಾಗುತ್ತದೆ.

ಎರಡನೆಯದು ಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿ ಹಬ್ಬುವ ಏಕನಾಯಕ. ಇದು ಸಲೇಸಿಯ ಕುಲಕ್ಕೆ ಸೇರಿದ್ದು. ಇದೇ ಕುಲದ ಗಿಡದಿಂದ ಜಪಾನಿನ ವಿಜ್ಞಾನಿಗಳು 1997ರಲ್ಲಿ ಸಲಾಸಿನಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅನ್ನ, ರೊಟ್ಟಿಗಳ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಅದು ಸಣ್ಣ ಕರುಳಿನಲ್ಲಿ ತಡೆಯುತ್ತದೆ. ಆದ್ದರಿಂದ ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಒಮ್ಮೆಗೇ ಏರುವುದು ತಗ್ಗುತ್ತದೆ. ಇನ್ನು ಒಣಕಾಡಿನ ಕಡೆಗೆ ಹೆಚ್ಚಾಗಿ ಕಾಣುವ ಮಧುನಾಶಿನಿಯ ಎಲೆಯನ್ನು ಅಗಿದರೆ ನಾಲಗೆಗೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯದು. ನಾಲಗೆಗೆ ಸಿಹಿ ತಿಳಿಯದಿರುವುದು ಬೇರೆ, ರಕ್ತದಲ್ಲಿ ಸಕ್ಕರೆ ಇಳಿಯುವುದು ಬೇರೆ. ಮದರಾಸಿನ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಸಾರದಿಂದ ಸಕ್ಕರೆ ಇಳಿದುದು ಕಂಡುಬಂದಿತಾದರೂ, ಆ ಸಾರವನ್ನು ಸೇವಿಸಿದ ಎರಡನೆಯ ವಿಧದ ರೋಗಿಗಳು ಕೇವಲ 22 ಮಂದಿ.

ಮೂಲಿಕೆಯಿಂದ ಮದ್ದಿನವರೆಗಿನ ದಾರಿ ಎಷ್ಟು ದೀರ್ಘವೆಂಬುದಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯೇ ನಿದರ್ಶನ. ಯುರೋಪಿನ ಗಲೀಗ ಎಂಬ ಗಿಡದಲ್ಲಿ ಸಕ್ಕರೆಯನ್ನು ತಗ್ಗಿಸುವ ವಸ್ತುವಿತ್ತು, ಅದರೊಡನೆ ವಿಷವೂ ಇತ್ತು. ಅದಕ್ಕೆ ಸಂಬಂಧಿಸಿದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಫ್ರಾನ್ಸಿನ ವೈದ್ಯ ಜ್ಯಾಂ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶವನ್ನು ಪ್ರಕಟಿಸಿದ್ದು 1957ರಲ್ಲಿ. ಇಂದು ಎರಡನೆಯ ವಿಧದ ಮಧುಮೇಹಕ್ಕೆ ಜಗತ್ತಿನಾದ್ಯಂತ ಅತಿ ಹೆಚ್ಚಾಗಿ ಬಳಕೆಯಲ್ಲಿರುವ ಮದ್ದುಗಳಲ್ಲಿ ಅದೂ ಒಂದು. ಗಿಡದ ಗುರುತು, ಸಾರದ ಅಳತೆ, ವಿಷದ ಪರೀಕ್ಷೆ, ರೋಗಿಗಳಲ್ಲಿ ಪ್ರಯೋಗ ಎಂಬ ಈ ಮೆಟ್ಟಿಲುಗಳನ್ನು ನಮ್ಮ ಸೀಮೆಯ ಮೂಲಿಕೆಗಳು ಇನ್ನೂ ಪೂರ್ತಿಯಾಗಿ ಏರಿಲ್ಲ.

ಆದಕಾರಣ ಮೂಲಿಕೆಯನ್ನು ನಂಬಿ ಇನ್ಸುಲಿನ್ನನ್ನಾಗಲಿ ಗುಳಿಗೆಯನ್ನಾಗಲಿ ತಾವಾಗಿಯೇ ಬಿಡುವುದು ಅಪಾಯಕರ. ಮೊದಲನೆಯ ವಿಧದವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ. ಗುಳಿಗೆಯ ಜೊತೆಗೆ ಮೂಲಿಕೆಯೂ ಸೇರಿದಾಗ ಸಕ್ಕರೆ ಮಿತಿಮೀರಿ ಇಳಿದು ಬೆವರು, ನಡುಕ, ಪ್ರಜ್ಞಾಶೂನ್ಯತೆಗಳು ಉಂಟಾಗಬಹುದು. ಕಷಾಯ ಕುಡಿಯುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು, ರಕ್ತಪರೀಕ್ಷೆಯನ್ನೂ ತಪ್ಪಿಸಬಾರದು.

ಇನ್ನೊಂದು ಆತಂಕವೂ ಇದೆ. ಎಲೆಯನ್ನು ಕಿತ್ತರೆ ಬಳ್ಳಿ ಮತ್ತೆ ಚಿಗುರುತ್ತದೆ. ಬೇರನ್ನು ಅಗೆದರೆ, ಕಾಂಡವನ್ನು ಕಡಿದರೆ ಗಿಡವೇ ಹೋಗುತ್ತದೆ. ಏಕನಾಯಕದಲ್ಲಿ ಬೇಕಾದುದು ಬೇರು, ಹೊನ್ನೆಯಲ್ಲಿ ಚೇಗು. ಬರ್ಬರಿನ್ ಎಂಬ ಹಳದಿ ಸತ್ವವುಳ್ಳ ಮರದರಿಶಿನದ ಬಳ್ಳಿಯು ಕಾಂಡಕ್ಕಾಗಿ ಕಡಿತಕ್ಕೆ ಸಿಕ್ಕಿ ಕರ್ನಾಟಕದಲ್ಲಿ ಅಳಿವಿನ ಅಂಚಿಗೆ ಬಂದಿದೆ. ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿಗಳು ಬೇರೆಬೇರೆಯಾಗಿರುವುದರಿಂದ ಒಂದು ನಾಶವಾದರೆ ಇನ್ನೊಂದು ಬೀಜ ಕಟ್ಟದು. 1993ರಿಂದ ಅರಣ್ಯ ಇಲಾಖೆಯು ಬೆಂಗಳೂರಿನ ಸಂಸ್ಥೆಯೊಂದರ ಸಹಕಾರದಿಂದ ಕೆಮ್ಮಣ್ಣುಗುಂಡಿ, ಕುದುರೆಮುಖ ಮೊದಲಾದೆಡೆ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಏರ್ಪಡಿಸಿದುದು ಸ್ತುತ್ಯ ಕಾರ್ಯ. ಆದರೆ ಕಾಡಿನ ಹೊರಗಿರುವ ಹೊನ್ನೆಯ ಹೊಣೆ ತೋಟದವರದು. ಬೇಗ ಬೆಳೆಯುವ ಸಿಲ್ವರ್ ಓಕ್ ಬಂದೆಡೆಯಲ್ಲೆಲ್ಲ ಊರ ಮರಗಳು ಹಿಂದೆ ಸರಿದಿವೆ.

ತೋಟಗಳನ್ನುಳ್ಳ ಹಳೆಯ ವಿದ್ಯಾರ್ಥಿಗಳು ಬೀಳುವ ಮರಕ್ಕೆ ಬದಲಾಗಿ ಹೊನ್ನೆಯ ಸಸಿಯೊಂದನ್ನು ನೆಡಬಹುದು. ಉಪಾಧ್ಯಾಯರು ಶಾಲೆಯ ಅಂಗಳದಲ್ಲಿ ಮೂಲಿಕೆಗಳನ್ನು ಬೆಳೆಸಿ, ಊರ ಹೆಸರು ಮತ್ತು ಶಾಸ್ತ್ರೀಯ ಹೆಸರುಗಳನ್ನು ಬರೆದು, ಮಕ್ಕಳಿಗೆ ಗುರುತು ಹಿಡಿಯಲು ಕಲಿಸಬಹುದು. ದಾನಿಗಳು ಅದಕ್ಕೆ ಬೇಲಿ, ನೀರು ಒದಗಿಸಿದರೆ ಸಾಕು. ಈ ಮೂಲಿಕೆಗಳಲ್ಲಿ ಯಾವುದು ನಾಳೆ ಖಚಿತವಾದ ಮದ್ದಾಗುವುದೋ ಇಂದು ಹೇಳಲು ಬಾರದು. ಅದು ಮದ್ದಾಗುವ ದಿನದವರೆಗೆ ಉಳಿದಿರಬೇಕಾದುದಂತೂ ಅಗತ್ಯ.