ಹಳೆಯ ಪಿಕಪ್‌ನ ಹೀಟರ್: ಬಿಡಿಭಾಗ ಕೊಳ್ಳುವ ಮೊದಲು ಎರಡು ಪೈಪು ಮುಟ್ಟಿ ನೋಡಿ

ಮಿಷಿಗನ್, ಮಿನೆಸೋಟಾ ಅಥವಾ ಕೆನಡಾದ ಮ್ಯಾನಿಟೋಬಾದಲ್ಲಿ ಜನವರಿ ತಿಂಗಳಲ್ಲಿ ಗಾಡಿ ಓಡಿಸುವವರಿಗೆ ಹೀಟರ್ ಐಷಾರಾಮದ ವಸ್ತುವಲ್ಲ. ಮುಂದಿನ ಗಾಜಿನ ಮೇಲೆ ಹಿಮ ಕಟ್ಟಿದರೆ ರಸ್ತೆ ಕಾಣದು, ಎದುರಿಗೆ ಬಂದವರೂ ಕಾಣರು. ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ಮಾನದಂಡಗಳಲ್ಲಿ 103ನೆಯದು ಪೂರ್ತಿಯಾಗಿ ಈ ಒಂದು ಕೆಲಸಕ್ಕೇ, ಅಂದರೆ ಮುಂಗಾಜಿನ ಹಿಮ ಮತ್ತು ಹಬೆ ತೆಗೆಯುವ ವ್ಯವಸ್ಥೆಗೇ ಮೀಸಲು. ಕರ್ನಾಟಕದಲ್ಲಿ ಗಾಡಿ ಕಲಿತ ನಮ್ಮಲ್ಲಿ ಅನೇಕರು ಹೀಟರ್ ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ಒಮ್ಮೆಯೂ ತಿರುಗಿಸಿರುವುದಿಲ್ಲ. ಅಂಥವರು ಅಲ್ಲಿಗೆ ಹೋಗಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಪಿಕಪ್ ಕೊಂಡು, ಮೊದಲ ಚಳಿಗಾಲದಲ್ಲಿ ಕಂಗಾಲಾಗುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಉದಾಹರಣೆಗೆ 1987ರಿಂದ 1996ರ ನಡುವಿನ ಫೋರ್ಡ್ ಎಫ್-150 ಇಟ್ಟುಕೊಳ್ಳುತ್ತೇನೆ. 4.9 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಈ ಗಾಡಿಗಳು ಇನ್ನೂ ಬೇಕಾದಷ್ಟು ಓಡುತ್ತಿವೆ. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗವಿದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. ಆ ಕಾಲದ ಷೆವರ್ಲೆ, ಡಾಜ್ ಪಿಕಪ್‌ಗಳಲ್ಲಿ ಭಾಗಗಳ ಜಾಗ ಬೇರೆಯಿರಬಹುದು, ತತ್ತ್ವ ಒಂದೇ.

ತತ್ತ್ವ ಇಷ್ಟು. ಎಂಜಿನ್ ಸುತ್ತ ಹರಿದು ಬಿಸಿಯಾದ ಕೂಲಂಟ್ ಒಂದು ಪೈಪಿನಲ್ಲಿ ಬಂದು, ಡ್ಯಾಶ್‌ಬೋರ್ಡ್ ಹಿಂದಿರುವ ಸಣ್ಣ ರೇಡಿಯೇಟರಿನೊಳಗೆ ಹೊಕ್ಕು, ಇನ್ನೊಂದು ಪೈಪಿನಲ್ಲಿ ಎಂಜಿನ್ನಿಗೆ ಮರಳುತ್ತದೆ. ಈ ಸಣ್ಣ ರೇಡಿಯೇಟರಿಗೆ ಹೀಟರ್ ಕೋರ್ ಎನ್ನುತ್ತಾರೆ. ಬ್ಲೋವರ್ ಫ್ಯಾನು ಹೊರಗಿನ ಗಾಳಿಯನ್ನು ಅದರ ಮೇಲೆ ಹಾಯಿಸುತ್ತದೆ. ಒಳಗಿನ ಒಂದು ಬಾಗಿಲು ತಣ್ಣನೆ ಗಾಳಿ ಎಷ್ಟು, ಬಿಸಿ ಗಾಳಿ ಎಷ್ಟು ಎಂದು ಬೆರೆಸುತ್ತದೆ. ಇನ್ನೆರಡು ಬಾಗಿಲುಗಳು ಆ ಗಾಳಿಯನ್ನು ಕಾಲಿಗೋ ಮುಖಕ್ಕೋ ಗಾಜಿಗೋ ಕಳಿಸುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ: ಬಿಸಿ ನೀರು ಬರುತ್ತಿದೆಯೇ? ಗಾಳಿ ಬೀಸುತ್ತಿದೆಯೇ? ಬೀಸಿದ ಗಾಳಿ ಸರಿಯಾದ ಕಡೆ ಹೋಗುತ್ತಿದೆಯೇ? ಇವಕ್ಕೆ ಉತ್ತರ ಸಿಗುವ ಮೊದಲೇ ಅಂಗಡಿಗೆ ಓಡಿ ಹೀಟರ್ ಕೋರ್ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಷ್ಟೋ ಸಲ ದೋಷವಿರುವುದು ಅಗ್ಗದ ಥರ್ಮೋಸ್ಟಾಟಿನಲ್ಲಿ, ಇಲ್ಲವೇ ಕಡಿಮೆಯಾದ ಕೂಲಂಟಿನಲ್ಲಿ.

ಮೊದಲು ಎಚ್ಚರಿಕೆಯ ಮಾತು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಕೊರಳಿನ ಮಫ್ಲರ್, ಶಾಲು ಬಿಚ್ಚಿಟ್ಟು ಎಂಜಿನ್ ಫ್ಯಾನಿನ ಹತ್ತಿರ ಹೋಗಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಾಯಿ, ಬೆಕ್ಕು, ಮಕ್ಕಳು ನೆಕ್ಕಿಬಿಡುತ್ತಾರೆ. ಚೆಲ್ಲಿದ್ದನ್ನು ಆಗಲೇ ಒರೆಸಿ.

ಹಂತ 1: ತಣ್ಣಗಿರುವಾಗ ಕೂಲಂಟ್ ನೋಡಿ

ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ರೇಡಿಯೇಟರ್ ಮುಚ್ಚಳ ತೆರೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಇದೆಯೆಂದು ನೆಚ್ಚಬೇಡಿ. ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿಯಿರಬಹುದು. ಮಟ್ಟ ಕೆಳಗಿಳಿದಾಗ ಹೀಟರ್ ಕೋರಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳುತ್ತಿದ್ದರೆ ಅದೇ ಕಾರಣ.

ನೀರು ಮತ್ತು ಕೂಲಂಟ್ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಚಳಿ ಜಾಸ್ತಿಯೆಂದು ಬರೀ ಕೂಲಂಟ್ ಸುರಿಯುವವರಿದ್ದಾರೆ, ಅದು ತಪ್ಪು. ನೀರು ಬೆರೆಸದ ಎಥಿಲೀನ್ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಹೊತ್ತಿಗೇ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಣ್ಣ ಪರೀಕ್ಷಕದಲ್ಲಿ ಒಂದಿಷ್ಟು ಎಳೆದು ನೋಡಿದರೆ ಬೆರಕೆ ಸರಿಯಿದೆಯೇ ಗೊತ್ತಾಗುತ್ತದೆ. ಒಳಗಿರುವುದು ಹಸಿರು ಬಗೆಯದಾದರೆ ಅದನ್ನೇ ಹಾಕಿ, ಕಿತ್ತಳೆ ಬಣ್ಣದ ಬೇರೆ ಬಗೆಯದನ್ನು ಬೆರೆಸಬೇಡಿ.

ಮಟ್ಟ ಇಳಿದಿದ್ದರೆ ತುಂಬಿಸಿ, ಗಾಳಿ ಹೊರಹಾಕಿ. ಗಾಡಿಯ ಮೂತಿ ಎತ್ತರಕ್ಕಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವ ಎಂಜಿನ್ನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ. ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ಆಗಾಗ ತುಂಬಿಸುತ್ತಿರಿ. ರೇಡಿಯೇಟರಿನ ಮೇಲಿನ ದಪ್ಪ ಪೈಪು ಬಿಸಿಯಾಗುತ್ತಿದ್ದಂತೆ ಮುಚ್ಚಳ ಹಾಕಿಬಿಡಿ. ಮಾರನೆಯ ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ವಾರ ಕಳೆಯುವುದರೊಳಗೆ ಮತ್ತೆ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ.

ಹಂತ 2: ಮೀಟರಿನ ಮುಳ್ಳು ಗಮನಿಸಿ

ಆ ಕಾಲದ ಫೋರ್ಡ್‌ಗಳಲ್ಲಿ ಎಂಜಿನ್ ತಾಪದ ಮೀಟರಿನ ಮೇಲೆ ‘ನಾರ್ಮಲ್’ ಎಂಬ ಇಂಗ್ಲಿಷ್ ಪದವನ್ನೇ ಅಚ್ಚು ಹಾಕಿರುತ್ತಾರೆ. ಇಪ್ಪತ್ತು ನಿಮಿಷ ಓಡಿಸಿದ ಮೇಲೂ ಮುಳ್ಳು ತಣ್ಣನೆಯ ತುದಿಯಿಂದ ಮೇಲೇಳದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿರಬಹುದು. ಹೆದ್ದಾರಿಯಲ್ಲಿ ವೇಗ ಹಿಡಿದಾಗ ಹೀಟರ್ ತಣ್ಣಗಾಗಿ, ನಿಂತಾಗ ಮತ್ತೆ ಬಿಸಿಯಾಗುತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಥರ್ಮೋಸ್ಟಾಟ್ ಎಂದರೆ ಒಳಗಿನ ಮೇಣ ಕರಗಿ ಹಿಗ್ಗಿದಾಗ ತೆರೆದುಕೊಳ್ಳುವ ಕವಾಟ. ಎಂಜಿನ್ ಬಿಸಿಯಾಗುವವರೆಗೆ ಅದು ನೀರನ್ನು ದೊಡ್ಡ ರೇಡಿಯೇಟರಿಗೆ ಬಿಡುವುದಿಲ್ಲ. ಈ ಎಂಜಿನ್ನಿಗೆ 195 ಡಿಗ್ರಿ ಫ್ಯಾರನ್‌ಹೀಟಿನದು, ಅಂದರೆ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನದು ಬೇಕು. ಎಂಜಿನ್ ತಂಪಾಗಿದ್ದರೆ ಒಳ್ಳೆಯದೆಂದು ಹಿಂದಿನ ಮಾಲೀಕರು 160ರದು ಹಾಕಿಸಿರುವುದೂ ಉಂಟು. ಅಂಥ ಗಾಡಿ ಚಳಿನಾಡಿನಲ್ಲಿ ಎಂದೂ ಸರಿಯಾಗಿ ಬಿಸಿಯಾಗದು, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಬದಲಿಸುವುದು ಹೊಸಬರಿಗೂ ಸಾಧ್ಯ. ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರಿನಿಂದ ಒಂದಷ್ಟು ಕೂಲಂಟನ್ನು ಬಕೆಟ್ಟಿಗೆ ಇಳಿಸಿ. ಮೇಲಿನ ದಪ್ಪ ಪೈಪು ಎಂಜಿನ್ನಿಗೆ ಸೇರುವ ಕಡೆಯ ಎರಕದ ಮುಚ್ಚಳದ ಬೋಲ್ಟ್ ಬಿಚ್ಚಿ. ಒಳಗಿನ ಥರ್ಮೋಸ್ಟಾಟ್ ತೆಗೆದು ಹೊಸದನ್ನು ಕೂರಿಸುವಾಗ ಸ್ಪ್ರಿಂಗ್ ಇರುವ ಭಾಗ ಎಂಜಿನ್ ಕಡೆಗಿರಬೇಕು. ಹಳೆಯ ಗ್ಯಾಸ್ಕೆಟನ್ನು ಚೂರೂ ಉಳಿಯದಂತೆ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಸೋರುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಅದುಮಿದರೆ ಮುಚ್ಚಳ ಸೀಳುತ್ತದೆ. ತೆಗೆದ ಥರ್ಮೋಸ್ಟಾಟ್ ತಣ್ಣಗಿದ್ದಾಗಲೇ ಬಾಯಿ ತೆರೆದುಕೊಂಡಿದ್ದರೆ ನಿಮ್ಮ ಊಹೆ ಸರಿ. ಹೊಸದನ್ನು ಹಾಕುವ ಮೊದಲು ಹಳೆಯ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ತೂಗಿಬಿಟ್ಟು, 90 ಡಿಗ್ರಿಯ ಆಸುಪಾಸು ತೆರೆಯುತ್ತದೆಯೇ ನೋಡಬಹುದು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಹಂತ 3: ಎರಡು ಪೈಪು ಮುಟ್ಟಿ

ಇಡೀ ಪರೀಕ್ಷೆಯ ಜೀವಾಳ ಇದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಹೀಟರ್ ಪೂರ್ತಿ ಬಿಸಿಯಲ್ಲಿರಲಿ. ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯೊಳಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪು ಹುಡುಕಿ. ಬೆರಳ ತುದಿಯಿಂದ ಚುಟುಕಾಗಿ ಮುಟ್ಟಿ. ಬಿಗಿಯಾಗಿ ಹಿಡಿದರೆ ಕೈ ಸುಡುತ್ತದೆ.

ಎರಡೂ ಸುಡುತ್ತಿದ್ದರೆ ನೀರಿನ ಭಾಗ ಸರಿಯಿದೆ. ತೊಂದರೆಯಿರುವುದು ಗಾಳಿಯ ಕಡೆ. ನೇರ 5ನೇ ಹಂತಕ್ಕೆ ಹೋಗಿ. ಎರಡೂ ಉಗುರುಬೆಚ್ಚಗಿದ್ದರೆ ಮೇಲಿನ ಎರಡು ಹಂತಗಳನ್ನೇ ಮತ್ತೆ ನೋಡಿ. ಅವೂ ಸರಿಯಿದ್ದರೆ ವಾಟರ್ ಪಂಪ್ ಸವೆದಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ದಾರಿಯಲ್ಲಿ ಕವಾಟವೊಂದು ಮುಚ್ಚಿದೆ. ಏಸಿ ಇರುವ ಕೆಲವು ಗಾಡಿಗಳಲ್ಲಿ ಬಿಸಿ ಪೈಪಿನ ನಡುವೆ ವ್ಯಾಕ್ಯೂಮಿನಿಂದ ನಡೆಯುವ ಸಣ್ಣ ಕವಾಟವಿರುತ್ತದೆ. ಅದರ ಎರಡೂ ಬದಿ ಮುಟ್ಟಿದರೆ ತಡೆ ಅಲ್ಲಿದೆಯೋ ಕೋರಿನಲ್ಲಿದೆಯೋ ತಿಳಿಯುತ್ತದೆ.

ಹಂತ 4: ಕೋರ್ ತೊಳೆಯುವುದು

ಹೊರಗೆ ಹೆಪ್ಪುಗಟ್ಟುವ ಚಳಿಯಿಲ್ಲದ ದಿನ ಈ ಕೆಲಸಕ್ಕೆ ಇಳಿಯಿರಿ. ತೊಳೆದ ಬರೀ ನೀರು ಕೋರಿನಲ್ಲಿ ಉಳಿದು ರಾತ್ರಿ ಮಂಜುಗಡ್ಡೆಯಾದರೆ ಕೋರ್ ಒಡೆಯುತ್ತದೆ.

ಎರಡೂ ಪೈಪಿನ ಕ್ಲಿಪ್ ಸಡಿಲಿಸಿ. ಪೈಪು ಅಂಟಿಕೊಂಡಿದ್ದರೆ ಇಕ್ಕಳ ಹಾಕಿ ಜಗ್ಗಬೇಡಿ. ಕೋರಿನ ಕೊಳವೆ ಬಲು ತೆಳು, ತಿರುಚಿಕೊಂಡರೆ ಕೋರೇ ಹೋಯಿತು. ಚಾಕುವಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿ ಬಿಡಿಸಿ, ಹೊಸ ಪೈಪು ಹಾಕಿ. ಹಳೆಯ ಗಾಡಿಗೆ ಹೊಸ ಪೈಪು ಹೇಗೂ ಬೇಕು. ಒಳಗಿನ ಕೂಲಂಟನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ. ಮೊದಲು ತಣ್ಣಗಿದ್ದ ಕೊಳವೆಯ ಕಡೆಯಿಂದ, ಅಂದರೆ ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ, ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ನಲ್ಲಿಯನ್ನು ಪೂರ್ತಿ ತಿರುಗಿಸಬಾರದು, ಆ ಒತ್ತಡವನ್ನು ಹಳೆಯ ಕೋರ್ ತಾಳದು. ಕಂದು ಬಣ್ಣದ ಕೆಸರು, ತುಕ್ಕಿನ ಹಕ್ಕಳೆ ಬರುತ್ತವೆ. ದಿಕ್ಕು ಬದಲಿಸುತ್ತಾ ತಿಳಿನೀರು ಬರುವವರೆಗೆ ತೊಳೆಯಿರಿ. ಕೊನೆಗೆ ನೀರನ್ನು ಊದಿ ತೆಗೆದು, ಪೈಪು ಜೋಡಿಸಿ, 1ನೇ ಹಂತದಂತೆ ತುಂಬಿಸಿ.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳನ್ನು ರೇಡಿಯೇಟರಿಗೆ ಸುರಿಯಬೇಡಿ. ಅವು ತೂತು ಮುಚ್ಚುವುದರ ಜೊತೆಗೆ ಹೀಟರ್ ಕೋರಿನ ಸಣ್ಣ ನಾಳಗಳನ್ನೂ ಮುಚ್ಚುತ್ತವೆ. ತೊಳೆದರೂ ಬಿಸಿಯಾಗದಿದ್ದರೆ, ಅಥವಾ ಬಲಗಡೆ ಸೀಟಿನ ಕಾಲಡಿ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ಮಾತ್ರ ಹೊಸ ಕೋರ್ ಕೊಳ್ಳಿ. ಈ ಎಫ್-150ರಲ್ಲಿ ಅದೃಷ್ಟವಿದೆ: ಕೈಪೆಟ್ಟಿಗೆ (ಗ್ಲೌ ಬಾಕ್ಸ್) ತೆಗೆದರೆ ಹಿಂದೆ ಒಂದು ಮುಚ್ಚಳ, ಅದರ ಸ್ಕ್ರೂ ಬಿಚ್ಚಿದರೆ ಕೋರ್ ಕೈಗೆ ಬರುತ್ತದೆ. ಬೇರೆ ಎಷ್ಟೋ ಗಾಡಿಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು.

ಹಂತ 5: ಗಾಳಿಯ ದಾರಿ

ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಅದು ಬೆಲೆಯೂ ಕಡಿಮೆ, ಬದಲಿಸುವುದೂ ಸುಲಭ. ತಿರುಗುವುದೇ ಇಲ್ಲವೆಂದರೆ ಫ್ಯೂಸ್ ನೋಡಿ, ಆಮೇಲೆ ಪ್ಲಗ್ ಸುಟ್ಟು ಕರಗಿದೆಯೇ ನೋಡಿ. ಮೋಟಾರ್ ಕಿರುಗುಟ್ಟುತ್ತಿದ್ದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ.

ಫ್ಯಾನು ಜೋರಾಗಿ ಸದ್ದು ಮಾಡಿಯೂ ಗಾಳಿ ಮೆಲ್ಲಗಿದ್ದರೆ ದಾರಿ ಕಟ್ಟಿಕೊಂಡಿದೆ. ಈ ಗಾಡಿಗಳ ಕ್ಯಾಬಿನ್ನಿಗೆ ಗಾಳಿ ಸೋಸುವ ಫಿಲ್ಟರ್ ಇಲ್ಲ. ವೈಪರ್ ಬಳಿಯ ಜಾಲರಿಯಿಂದ ಬಿದ್ದ ಎಲೆಗಳು ವರ್ಷಗಟ್ಟಲೆ ಒಳಗೇ ಸೇರುತ್ತವೆ. ಎಂಜಿನ್ ಕಡೆಯಿಂದ ಬ್ಲೋವರ್ ಮೋಟಾರಿನ ಸ್ಕ್ರೂ ಬಿಚ್ಚಿ ಹೊರಗೆಳೆದು ಟಾರ್ಚ್ ಹಾಯಿಸಿ. ಇಲಿಗೂಡು ಸಿಕ್ಕರೆ ಒಣಗಿದ್ದನ್ನು ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರನ್ನೂ ಹಚ್ಚಬೇಡಿ. ಉತ್ತರ ಅಮೆರಿಕದ ಕಾಡಿಲಿಗಳ ಹಿಕ್ಕೆ, ಮೂತ್ರದ ಧೂಳಿನಿಂದ ಹಂಟಾವೈರಸ್ ಸೋಂಕು ತಗಲುತ್ತದೆ, ಅದು ಪ್ರಾಣಕ್ಕೇ ಅಪಾಯ. ಗ್ಲೌಸ್ ಹಾಕಿ, ಬ್ಲೀಚ್ ಬೆರೆಸಿದ ನೀರಿನಿಂದ ಚೆನ್ನಾಗಿ ತೋಯಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಇನ್ನು ಬೆರಕೆ ಬಾಗಿಲು. ತಾಪದ ಗುಂಡಿಯನ್ನು ತಣ್ಣನೆಯಿಂದ ಬಿಸಿಗೆ ಸರಿಸಿದಾಗ ಒಳಗೆ ಬಾಗಿಲು ತಾಗುವ ಸದ್ದು ಕೇಳಬೇಕು. ಗುಂಡಿ ಯಾವ ಬಿಗಿಯೂ ಇಲ್ಲದೆ ಜಾರುತ್ತಿದ್ದರೆ ಅದರ ಕೇಬಲ್ ಕಳಚಿದೆ. ಕೈಪೆಟ್ಟಿಗೆಯ ಹಿಂದೆ ನೋಡಿ, ಮತ್ತೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಗಾಳಿಕಿಂಡಿಯಿಂದ ಸ್ಪಂಜಿನ ಚೂರು ಉದುರುತ್ತಿದ್ದರೆ ಬಾಗಿಲ ಅಂಚಿನ ಫೋಮ್ ಪುಡಿಯಾಗಿದೆ, ತಣ್ಣನೆ ಗಾಳಿ ಸಂದಿಯಲ್ಲಿ ನುಸುಳುತ್ತಿದೆ.

ಹಂತ 6: ಗಾಜಿನ ಪಾಡು

ಗಾಳಿಯನ್ನು ಕಾಲಿಗೆ, ಗಾಜಿಗೆ ತಿರುಗಿಸುವ ಬಾಗಿಲುಗಳನ್ನು ಎಂಜಿನ್ನಿನ ವ್ಯಾಕ್ಯೂಮ್ ನಡೆಸುತ್ತದೆ. ಏರು ಹತ್ತುವಾಗ, ಜೋರಾಗಿ ಓಡಿಸುವಾಗ ಕಾಲಿನ ಗಾಳಿ ತಾನಾಗಿಯೇ ಗಾಜಿನ ಕಡೆ ತಿರುಗಿದರೆ ವ್ಯಾಕ್ಯೂಮ್ ಸೋರುತ್ತಿದೆ ಎಂದರ್ಥ. ಒಣಗಿ ಬಿರಿದ ಸಣ್ಣ ಕೊಳವೆ, ಹಿಮ್ಮುಖ ಹರಿವು ತಡೆಯುವ ಕವಾಟ, ವ್ಯಾಕ್ಯೂಮ್ ಡಬ್ಬಿ, ಇವನ್ನು ನೋಡಿ. ವ್ಯಾಕ್ಯೂಮ್ ಹೋದರೆ ಗಾಳಿ ಗಾಜಿಗೇ ಹೋಗಲಿ ಎಂದು ತಯಾರಕರು ಯೋಚಿಸಿ ಮಾಡಿದ ಏರ್ಪಾಡಿದು, ಬಹಳ ಒಳ್ಳೆಯ ಏರ್ಪಾಡು.

ಗಾಜಿನ ಬುಡದ ಕಿಂಡಿಯುದ್ದಕ್ಕೂ ಅಂಗೈ ಸರಿಸಿ. ಒಂದು ಬದಿಯಲ್ಲಿ ಗಾಳಿಯಿಲ್ಲದಿದ್ದರೆ ಕೆಳಗಿನ ಗಾಳಿಕೊಳವೆಯ ಕೀಲು ಬಿಟ್ಟಿದೆ. ಹೊಸ ರೇಡಿಯೋ ಕೂರಿಸಿದಾಗ ಅದು ಸರಿದಿರುವುದು ಸಾಮಾನ್ಯ.

ಒಳಗಿನ ಹಬೆಗೆ ಕಾರಣ ತೇವ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಬೇಡಿ, ಹೊರಗಿನ ಗಾಳಿ ಬರಲಿ. ಏಸಿ ಇದ್ದರೆ ಬಿಸಿಯ ಜೊತೆಗೇ ಹಾಕಿ, ಅದು ಗಾಳಿಯ ತೇವ ಹೀರುತ್ತದೆ. ಬೂಟಿನ ಹಿಮ ಕೊಡವಿ ಹತ್ತಿ, ಒದ್ದೆ ಮ್ಯಾಟ್ ಒಣಗಿಸಿ, ವೈಪರ್ ಬಳಿಯ ಜಾಲರಿಯ ಮೇಲಿನ ಹಿಮ ಗುಡಿಸಿ. ಒರೆಸಿದಷ್ಟೂ ಗಾಜು ಎಣ್ಣೆ ಸವರಿದಂತೆ ಜಿಡ್ಡಾಗುತ್ತಿದ್ದರೆ ಅದು ಕೋರಿನಿಂದ ಸೋರಿದ ಕೂಲಂಟಿನ ಆವಿ. ಹೊರಗಿನ ಹಿಮ ಕರಗಿಸಲು ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಬಿರಿಯುತ್ತದೆ.

ಮೆಕ್ಯಾನಿಕ್ ಬಳಿ ಯಾವಾಗ

ಸೋರಿಕೆ ಎಲ್ಲೂ ಕಾಣದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಹೊಗೆಕೊಳವೆಯಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಲೇ ಇದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇದು ಹೊಸಬರ ಕೆಲಸವಲ್ಲ. ತಡ ಮಾಡದೆ ಬಲ್ಲವರಿಗೆ ತೋರಿಸಿ, ಎರಡು ಪೈಪುಗಳಲ್ಲಿ ಕಂಡದ್ದನ್ನೂ ಮೀಟರಿನ ಮುಳ್ಳು ನಿಲ್ಲುವ ಜಾಗವನ್ನೂ ಅವರಿಗೆ ಹೇಳಿ. ಹುಡುಕಾಟದ ಕೂಲಿ ಅಷ್ಟು ಉಳಿಯುತ್ತದೆ. ಬಕೆಟ್ಟಿನ ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲದೆ ಮುಚ್ಚಳವಿರುವ ಕ್ಯಾನಿಗೆ ತುಂಬಿ, ಊರಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಗಾಡಿ ಸರಿಹೋಗುವವರೆಗೆ, ಗಾಜಿನಲ್ಲಿ ಕೈಯಗಲ ಕೆರೆದುಕೊಂಡು ಇಣುಕುತ್ತಾ ಓಡಿಸಬೇಡಿ. ಗಾಜು ಪೂರ್ತಿ ತಿಳಿಯಾಗದೆ ಹೊರಡಬೇಡಿ, ಕೆಲಸಕ್ಕೆ ತಡವಾದರೆ ಆಗಲಿ.