ಕಾಯಕವೂ ಮಧುಮೇಹವೂ

ಕಾಯಕವೆಂಬ ಪದದಲ್ಲಿ ಕಾಯವಿದೆಯೆಂಬುದನ್ನು ನಮ್ಮ ಪಾಠಶಾಲೆಯ ಬಾಲಕರೂ ಬಲ್ಲರು. ಆದರೆ ಇಂದಿನ ಗೃಹಸ್ಥರ ಉದ್ಯೋಗಗಳನ್ನು ನೋಡಿದರೆ ಕಾಯಕವು ಉಳಿದಿದೆ, ಕಾಯಕ್ಕೆ ಮಾತ್ರ ಕೆಲಸ ತಪ್ಪಿದೆ. ಅಂಗಡಿಯ ಗಾದಿ, ಕಚೇರಿಯ ಕುರ್ಚಿ, ನನ್ನಂಥವರಿಗೆ ಶಾಲೆಯ ಮೇಜು. ಎಲ್ಲರೂ ಕುಳಿತೇ ದುಡಿಯುವವರು. ಊಟವಾದರೋ ಹೊಲವನ್ನು ಉಳುತ್ತಿದ್ದ ಅಜ್ಜನ ಅಳತೆಯದೇ. ಈ ಅಂತರದಲ್ಲಿ ಬೆಳೆಯುವ ದೀರ್ಘವ್ಯಾಧಿಗಳಲ್ಲಿ ಮಧುಮೇಹವು ಮುಖ್ಯವಾದುದರಿಂದ ಪ್ರಕೃತ ಅದನ್ನೇ ವಿಚಾರಿಸೋಣ.

ಉಂಡ ಅನ್ನವು ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯಿಂದ ಸ್ರವಿಸುವ ಇನ್ಸುಲಿನ್ ಎಂಬ ರಸವು ಅದನ್ನು ಮಾಂಸಖಂಡಗಳೊಳಕ್ಕೆ ಸಾಗಿಸುತ್ತದೆ. ದೇಹವು ಜಡವಾಗಿ ಹೊಟ್ಟೆಯ ಸುತ್ತ ಮೇದಸ್ಸು ಬೆಳೆದಂತೆಲ್ಲ ಮಾಂಸಖಂಡಗಳು ಆ ರಸದ ಆಜ್ಞೆಯನ್ನು ಸರಿಯಾಗಿ ಪಾಲಿಸವು. ಗ್ರಂಥಿಯು ವರ್ಷಗಟ್ಟಲೆ ಹೆಚ್ಚು ಹೆಚ್ಚಾಗಿ ಸ್ರವಿಸಿ ಕಡೆಗೆ ಸೋಲುತ್ತದೆ. ದುಡಿಯುವ ಮಾಂಸಖಂಡವಾದರೋ ಇನ್ಸುಲಿನ್ನಿನ ಅಪ್ಪಣೆಗೆ ಅಷ್ಟಾಗಿ ಕಾಯದೆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ನಡಿಗೆಯ ಮಹತ್ವವಿರುವುದು ಇಲ್ಲಿಯೇ.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಮಧುಮೇಹವನ್ನೊಳಗೊಂಡ ಪ್ರಮೇಹರೋಗಕ್ಕೆ ಚರಕಾಚಾರ್ಯರು ಹೇಳುವ ಕಾರಣಗಳಲ್ಲಿ ಕುಳಿತಿರುವ ಸುಖ, ಮಲಗಿರುವ ಸುಖಗಳೇ ಮೊದಲಾಗಿವೆ. ಮೊಸರು, ಹೊಸಧಾನ್ಯ, ಬೆಲ್ಲದ ಭಕ್ಷ್ಯಗಳು ಜೊತೆಗಿವೆ. (ಬೆಲ್ಲಕ್ಕೆ ದೋಷವಿಲ್ಲವೆನ್ನುವವರು ಗಮನಿಸಬೇಕು.) ಸುಶ್ರುತಸಂಹಿತೆಯ ವಿಧಿಯಂತೂ ಸ್ವಾರಸ್ಯವಾದುದು. ರೋಗಿಯು ಬಡವನಾದರೆ ಕೊಡೆ, ಪಾದರಕ್ಷೆಗಳಿಲ್ಲದೆ ಭಿಕ್ಷಾನ್ನವನ್ನುಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನ ನಡೆಯಬೇಕಂತೆ! ಸಿರಿವಂತನಾದರೆ ಸಾವೆಯ ಅನ್ನ, ನೆಲ್ಲಿಯ ಕಾಯಿಗಳಿಂದ ಜೀವಿಸಬೇಕಂತೆ. ಬರಿಗಾಲಿನ ನಡಿಗೆ ಇಂದಿನ ಮಧುಮೇಹಿಗೆ ಸಲ್ಲದು, ಕಾಲಿನ ಹುಣ್ಣು ಅವನಿಗೆ ಅಪಾಯಕರ. ವಿಧಿಯ ಒಳತಿರುಳು ಮಾತ್ರ ಕೆಟ್ಟಿಲ್ಲ.

ಅದನ್ನು ಆಧುನಿಕ ವೈದ್ಯರು ಲೆಕ್ಕವಿಟ್ಟು ಪರೀಕ್ಷಿಸಿದ್ದಾರೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗದ ಗಡಿಯಲ್ಲಿದ್ದ 531 ಮಂದಿ ಇದ್ದರು. ಎಂದಿನಂತೆ ಬಾಳಿದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ ಬಂದಿತು. ದಿನಕ್ಕೆ ಅರ್ಧ ಗಂಟೆಯಾದರೂ ನಡೆದು, ಸಕ್ಕರೆ, ನಯವಾದ ಹಿಟ್ಟು, ಜಿಡ್ಡುಗಳನ್ನು ತಗ್ಗಿಸಿದವರಲ್ಲಿ ನೂರಕ್ಕೆ 39 ಮಂದಿಗೆ ಬಂದಿತು. ಬರಿಯ ಮೆಟ್‌ಫಾರ್ಮಿನ್ ಮಾತ್ರೆಯಿಂದ ದೊರೆತ ಫಲವೂ ಹೆಚ್ಚುಕಡಿಮೆ ಇಷ್ಟೇ. ನಿಯಮದಿಂದಿದ್ದ 39 ಮಂದಿಗೂ ರೋಗ ಬಂದಿತೆಂಬುದನ್ನು ಮರೆಮಾಚಬಾರದು. ವಂಶದಿಂದ ಬಂದ ಭಾಗವೂ ಈ ರೋಗದಲ್ಲಿದೆ. ಆದುದರಿಂದ ರೋಗಿಯನ್ನು ಹೊಟ್ಟೆಬಾಕನೆಂದು ಜರೆಯುವುದು ಅಜ್ಞಾನ.

ಎರಡು ವರ್ಷಗಳ ಹಿಂದೆ ನನ್ನ ರಕ್ತದಲ್ಲಿಯೂ ಉಪವಾಸದ ಸಕ್ಕರೆ 112 ಇದ್ದಿತು. 100ರಿಂದ 125ರವರೆಗೆ ಗಡಿಯೆಂದು ವೈದ್ಯರು ತಿಳಿಸಿದರು. ನನ್ನ ತಂದೆಯವರು ಇದೇ ರೋಗದಿಂದ ಕಣ್ಣು ಕಳೆದುಕೊಂಡವರಾದುದರಿಂದ ಅಂದಿನ ರಾತ್ರಿ ನಿದ್ರೆ ಬರಲಿಲ್ಲ. ಮರುದಿನದಿಂದ ಶಾಲೆಗೆ ನಡೆದೇ ಹೋದೆನು. ನಡಿಗೆ ಸುಲಭವಾಯಿತು, ಕಷ್ಟವಾದುದು ಪಂಕ್ತಿಯ ಊಟ. ಭಕ್ತರೊಬ್ಬರ ಮನೆಯಲ್ಲಿ ಎರಡನೆಯ ಹೋಳಿಗೆ ಬೇಡವೆಂದಾಗ, ಪ್ರಸಾದವನ್ನು ಒಲ್ಲೆನೆಂದಂತಾಯಿತೆಂದು ಮನೆಯ ತಾಯಿ ನೊಂದರು. ಎಲೆಯಲ್ಲಿ ಪ್ರಸಾದವನ್ನು ಬಿಡಬಾರದು, ನಿಜ. ಆದಕಾರಣವೇ ಬೇಕಾದಷ್ಟನ್ನು ಬಡಿಸುವುದಕ್ಕೆ ಮೊದಲೇ ಹೇಳಿಬಿಡಬೇಕು; ಬಡಿಸುವವರೂ ಒತ್ತಾಯಿಸುವುದನ್ನೇ ದಾಸೋಹವೆಂದು ತಿಳಿಯಬಾರದು. ಅಕ್ಕಿಗೆ ಬದಲಾಗಿ ಜೋಳದ ರೊಟ್ಟಿಯನ್ನು ಹಿಡಿದವರು ಸಹ ರೊಟ್ಟಿಗಳನ್ನು ಎಣಿಸಿಯೇ ಉಣ್ಣಬೇಕು, ಪಲ್ಯ ಕಾಳುಗಳಿಗೆ ಹೆಚ್ಚು ಸ್ಥಳ ಕೊಡಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಂದಿ ಮಧುಮೇಹಿಗಳೂ, 13.6 ಕೋಟಿ ಮಂದಿ ಗಡಿಯಲ್ಲಿರುವವರೂ ಇರುವರೆಂದು ಅಂದಾಜು ಮಾಡಿದೆ. ಗಡಿಯಲ್ಲಿ ನಿಂತವನಿಗೆ ನೋವಿಲ್ಲ, ಬಾಯಾರಿಕೆಯೂ ಇಲ್ಲ. ಆದುದರಿಂದ ತಂದೆತಾಯಿಗಳಲ್ಲಿ ಯಾರಿಗಾದರೂ ಈ ರೋಗವಿದ್ದವರು, ನಡುವಿನ ಸುತ್ತಳತೆ ಬೆಳೆಯುತ್ತಿರುವವರು, ಮೂವತ್ತು ದಾಟಿದೊಡನೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಯುಕ್ತ. ಈಗಾಗಲೇ ಔಷಧ ಸೇವಿಸುತ್ತಿರುವವರು ಈ ಲೇಖನವನ್ನೋದಿ ಅದನ್ನು ನಿಲ್ಲಿಸಲಾಗದು. ಅವರು ನಡಿಗೆಯನ್ನು ಔಷಧದ ಜೊತೆಗೆ ಸೇರಿಸಿಕೊಳ್ಳಲಿ, ಮಾತ್ರೆಯ ಪ್ರಮಾಣವನ್ನು ವೈದ್ಯರು ನಿರ್ಣಯಿಸಲಿ.